ಮಾಂಜ್ರಾಕ್ಕೆ ಜಹಾಜ ಬೇಡ, ಆಳದ ನಕ್ಷೆ ಬೇಕು

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ 111 ಜಲಮಾರ್ಗಗಳಿವೆ. 70ನೆಯದು ನಮ್ಮ ಮಾಂಜ್ರಾ. ಔರಾದ್ ತಾಲ್ಲೂಕಿನಲ್ಲಿ ಹೊಳೆ ದಂಡೆಗೇ ಹೊಲ ಇರುವ ನನ್ನ ಸೋದರಮಾವನಿಗೆ ಇದನ್ನು ಹೇಳಿದೆ. "ಬ್ಯಾಸಗ್ಯಾಗ ಎಮ್ಮಿ ಮೈ ತೊಳಿಲಾಕ ನೀರಿರಲ್ಲ. ಜಹಾಜ ಎಲ್ಲಿ ನಡಸ್ತಾರಂತ?" ಅಂದರು.

ಸರ್ಕಾರದ ಪರವಾಗಿ ಒಂದು ಮಾತು ಹೇಳಿಬಿಡಬೇಕು. ಕಾಯ್ದೆಯಲ್ಲಿರುವುದು ತೆಲಂಗಾಣದ ಸಿಂಗೂರು ಅಣೆಕಟ್ಟಿನಿಂದ ಕಂದಕುರ್ತಿಯಲ್ಲಿ ಗೋದಾವರಿ ಸೇರುವವರೆಗಿನ ಮಾಂಜ್ರಾ. ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳಲ್ಲಿ ಹರಿಯುವ ಭಾಗ ಅದರಲ್ಲಿಲ್ಲ. ಹಾಗಂತ ನಮ್ಮಲ್ಲಿ ದೋಣಿ ಓಡುವುದೇ ಇಲ್ಲ ಅನ್ನುವಂತಿಲ್ಲ. ಮೇಲೆ ಮಹಾರಾಷ್ಟ್ರದ ಧನೇಗಾಂವ್ ಡ್ಯಾಂನಿಂದ ನೀರು ಬಿಟ್ಟು, ಇಲ್ಲೂ ಮಳೆ ಹಿಡಿದುಕೊಂಡರೆ ಹೊಳೆ ಹೊಲಕ್ಕೆ ನುಗ್ಗುತ್ತದೆ. ಆಗ ರಬ್ಬರ್ ದೋಣಿ ಬರುತ್ತದೆ. ತೊಗರಿ, ಸೋಯಾ ಹೊಲದ ಮೇಲೆ, ಎರಡು-ಮೂರು ಅಡಿಯಿಂದ ಹಿಡಿದು ಎಷ್ಟೋ ಆಳದ ಕೆಂಪು ನೀರಿನಲ್ಲಿ ಅದನ್ನು ನಡೆಸಬೇಕು. ನಡೆಸುವವರ ಕೈಯಲ್ಲಿ ಹೆಚ್ಚೆಂದರೆ ಮೊಬೈಲಿನ ಗೂಗಲ್ ಮ್ಯಾಪ್. ಅದರ ನೀಲಿ ಬಣ್ಣ ಇಲ್ಲಿ ನೀರಿದೆ ಅನ್ನುತ್ತದೆ, ಎಷ್ಟು ಆಳ ಅನ್ನುವುದಿಲ್ಲ.

ಆಳ ಹೇಳುವ ನಕ್ಷೆ ಹೇಗಿರುತ್ತದೆ ಅಂತ ನಾನು ನೋಡಿದ್ದು ಮಂಗಳೂರಿನಲ್ಲಿ, ಇಂಜಿನಿಯರಿಂಗ್ ಓದುವಾಗ. ಗೆಳೆಯನೊಬ್ಬನ ಮನೆಯವರ ಮೀನುಗಾರಿಕೆ ಬೋಟಿನಲ್ಲಿ ಒಮ್ಮೆ ಹೋಗಿದ್ದೆ. ನೇತ್ರಾವತಿ, ಗುರುಪುರ ಎರಡೂ ಸಮುದ್ರ ಸೇರುವ ಅಳಿವೆ ಬಾಗಿಲು ಅಂದರೆ ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಿಸುವ ಜಾಗ. ತಾಂಡೇಲರ ಮುಂದೆ ಜಿಪಿಎಸ್ ಪರದೆ, ಆಳದ ಅಂಕಿಗಳ ಚಾರ್ಟ್, ಪಕ್ಕದಲ್ಲಿ ಶಬ್ದ ಕಳಿಸಿ ತಳ ಅಳೆಯುವ ಎಕೋ ಸೌಂಡರ್, ಎಲ್ಲಾ ಇತ್ತು. ಅವರು ನೋಡುತ್ತಿದ್ದದ್ದು ಮಾತ್ರ ಅಲೆ ಒಡೆಯುವ ಕಡೆ. ಕೇಳಿದ್ದಕ್ಕೆ, "ಇದರಲ್ಲಿ ಹಳೇ ಮರಳು ಉಂಟು ಮಾರಾಯ, ಇವತ್ತಿನದ್ದು ಅಲ್ಲಿ ಕಾಣ್ತದೆ" ಅಂದರು.

ನಾಲ್ಕು ವರ್ಷದ ಡಿಗ್ರಿಗಿಂತ ಆ ಒಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಯಾಕಂದ್ರೆ ಜಿಪಿಎಸ್ ನಿಮ್ಮ ಬೋಟು ಎಲ್ಲಿದೆ ಅಂತ ಕೆಲವೇ ಮೀಟರ್ ವ್ಯತ್ಯಾಸದಲ್ಲಿ ಹೇಳುತ್ತದೆ. ಅದರ ಕೆಳಗಿನ ಚಾರ್ಟು ಅಷ್ಟು ನಿಖರ ಇರಬೇಕಂತಿಲ್ಲ. ಒಳ್ಳೆಯ ಚಾರ್ಟು ಇದನ್ನು ಮುಚ್ಚಿಡುವುದಿಲ್ಲ. ಹಡಗುಗಳ ಎಲೆಕ್ಟ್ರಾನಿಕ್ ಚಾರ್ಟಿನಲ್ಲಿ ಪ್ರತಿ ಪ್ರದೇಶಕ್ಕೂ ಎ1, ಎ2, ಬಿ, ಸಿ, ಡಿ ಅಂತ ನಂಬಿಕೆಯ ದರ್ಜೆ ಇರುತ್ತದೆ. ಎ1 ಅಂದರೆ ಜಾಗದ ಅಳತೆ 5 ಮೀಟರ್ ಒಳಗೆ ಸರಿ. ಸಿ ದರ್ಜೆ ಅಂದರೆ ಕಲ್ಲು ತೋರಿಸಿದ ಜಾಗದಿಂದ 500 ಮೀಟರ್ ಆಚೀಚೆ ಇರಬಹುದು. 10 ಮೀಟರ್ ಅಂತ ಬರೆದ ಆಳದಲ್ಲಿ ಎರಡೂವರೆ ಮೀಟರ್ ಹೆಚ್ಚುಕಮ್ಮಿ ಆಗಬಹುದು. ದರ್ಜೆ ಸರಿಯಿದ್ದರೂ ನೋಡುವವರು ಎಡವಬಹುದು. 2014ರ ನವೆಂಬರಿನಲ್ಲಿ ವೆಸ್ತಾಸ್ ವಿಂಡ್ ಅನ್ನುವ ರೇಸಿಂಗ್ ಹಾಯಿದೋಣಿ ಹಿಂದೂ ಮಹಾಸಾಗರದಲ್ಲಿ ಹವಳದ ದಿಬ್ಬಕ್ಕೆ ಬಡಿಯಿತು. ದಿಬ್ಬ ಚಾರ್ಟಿನಲ್ಲಿತ್ತು, ಆದರೆ ಝೂಮ್ ಮಾಡಿದರೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ಅದೃಷ್ಟಕ್ಕೆ ಜೀವಹಾನಿ ಆಗಲಿಲ್ಲ.

ಇನ್ನೊಂದು ವಿಷಯ, ಅಂಕಿಯನ್ನು ಎಲ್ಲಿಂದ ಎಣಿಸುತ್ತಾರೆ ಅನ್ನುವುದು. ಚಾರ್ಟಿನ ಆಳ ಇವತ್ತಿನ ನೀರಿನದ್ದಲ್ಲ, ಇಳಿತದಲ್ಲಿ ನೀರು ತೀರಾ ಕೆಳಗಿದ್ದಾಗಿನದ್ದು. ಸೇತುವೆ, ವಿದ್ಯುತ್ ತಂತಿಗಳ ಎತ್ತರ ಮಾತ್ರ ಭರತದಲ್ಲಿ ನೀರು ಮೇಲಿದ್ದಾಗಿನದ್ದು. ಎರಡಕ್ಕೂ ಕೆಟ್ಟ ದಿನದ್ದೇ ಲೆಕ್ಕ.

ಇದನ್ನು ಭಾಲ್ಕಿ, ಔರಾದಿನ ಮುಳುಗಿದ ಹೊಲಕ್ಕೆ ತಂದು ನೋಡಿ. ಅಲ್ಲಿ ತಳ ಅಂದರೆ ನೆಲ. ವರ್ಷದಲ್ಲಿ ಹೆಚ್ಚಿನ ದಿನ ಅದು ಒಣಗೇ ಇರುತ್ತದೆ, ನಡೆದುಕೊಂಡು ಹೋಗಿ ಅಳೆಯಬಹುದು. ಸಮುದ್ರದವರಿಗೆ ಈ ಭಾಗ್ಯ ಇಲ್ಲ. ನೆಲದ ಎತ್ತರ ಗೊತ್ತಿದ್ದರೆ, ಜನವಾಡ, ಹಾಲಹಳ್ಳಿಯಂಥ ಬ್ಯಾರೇಜುಗಳ ಬಳಿ ನೀರಿನ ಮಟ್ಟ ಓದಿ, ಕಳೆದರೆ ಆಳ ಸಿಗುತ್ತದೆ. ಹರಿಯುವ ನೀರಿನ ಮೇಲ್ಮೈ ಇಳಿಜಾರು ಇರುವುದರಿಂದ ಒಂದೇ ಕಡೆ ಓದಿದರೆ ಸಾಲದು, ಅಷ್ಟೆ. ಉಪಗ್ರಹದ ಉಚಿತ ಎತ್ತರದ ದತ್ತಾಂಶ ಇದಕ್ಕೆ ಬರುವುದಿಲ್ಲ, ಅದರ ತಪ್ಪೇ ಹಲವು ಮೀಟರ್ ಇರುತ್ತದೆ. ಡ್ರೋನ್ ಸರ್ವೆ ಬೇಕು. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿದೆ, ಆದರೆ ಅದು ಅಳೆಯುವುದು ಊರೊಳಗಿನ ಮನೆ ಜಾಗವನ್ನು, ಹೊಲವನ್ನಲ್ಲ.

ಆಳಕ್ಕಿಂತ ನನಗೆ ಹೆಚ್ಚು ಭಯ ಇರುವುದು ಬಾವಿಗಳ ಬಗ್ಗೆ. ಕಟ್ಟೆ ಇಲ್ಲದ ತೆರೆದ ಬಾವಿ, ಮುಳ್ಳುತಂತಿ ಬೇಲಿ, ಪಂಪ್‌ಸೆಟ್ಟಿನ ಕಂಬ, ಟಿಸಿ. ಸೊಂಟಮಟ್ಟದ ನೀರು ಅಂತ ದೋಣಿಯಿಂದ ಇಳಿದು ತಳ್ಳುವವರಿಗೆ ಮುಂದಿನ ಹೆಜ್ಜೆ ಬಾವಿಯಾಗಿರಬಹುದು. ನೀರು ಏರಿದಷ್ಟೂ ಜೋತುಬಿದ್ದ ತಂತಿ ತಲೆಗೆ ಹತ್ತಿರ. ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವವರದ್ದೂ ಇದೇ ಪಾಡು. ಆ ನೀರಿನ ಕೆಳಗಿರುವುದೂ ಹೊಲಗಳೇ, ಅವುಗಳ ಪರಿಹಾರಕ್ಕೆ ಜನ ಧರಣಿ ಕೂತದ್ದುಂಟು.

ರಾಜ್ಯದ ದಿಶಾಂಕ್ ಆ್ಯಪ್ ಈಗಾಗಲೇ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಂಥದ್ದೊಂದು ನಕ್ಷೆಯ ಮೇಲೆ ಬಾವಿ, ಕಂಬ, ತಂತಿಯ ಎತ್ತರ ಗುರುತು ಮಾಡಿ, ಪ್ರತಿ ಗುರುತಿನ ಪಕ್ಕ ಯಾವ ದಿನ ಅಳೆದದ್ದು ಅಂತ ಬರೆದು, ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವ ಹಾಗೆ ದೋಣಿಯವರ ಮೊಬೈಲಿಗೆ ಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಗ್ರಾಮ ಆಡಳಿತಾಧಿಕಾರಿ, ಊರಿನ ನಾಲ್ಕು ಹುಡುಗರು ಸೇರಿ ಮಾಡುವ ಕೆಲಸ. ಗ್ರಾಮಸಭೆಯಲ್ಲಿ ಕೇಳಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ.

ಮಾವನಿಗೆ ಇದನ್ನು ವಿವರಿಸಿದಾಗ ಅವರು ಜಹಾಜದ ಮಾತು ಬಿಟ್ಟು ಬೆರಳು ಮಡಚಿ ಎಣಿಸಲು ಶುರು ಮಾಡಿದರು. ತಮ್ಮ ಹೊಲದಿಂದ ಹೊಳೆಯವರೆಗೆ ಹದಿನಾಲ್ಕು ಬಾವಿ. ಐದಕ್ಕೆ ಕಟ್ಟೆ ಇಲ್ಲ.