ಹೊಳೆಯುವ ಅನಿಲದ ಲೆಕ್ಕಾಚಾರ

ಮಳೆಗಾಲವಿಡೀ ಮುಗಿಲು ಕವಿದಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಆಕಾಶವು ಅಡಕೆ ಕೊಯ್ಲಿನ ವೇಳೆಗೆ ತಿಳಿಯಾಗುತ್ತದೆ. ಆಗ ತೋಟದಂಚಿನ ಕತ್ತಲಲ್ಲಿ ನಿಂತು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ದೃಷ್ಟಿಯಿಟ್ಟರೆ ಮಸುಕಾದ ಬೆಳಕಿನ ಕಲೆಯೊಂದು ಕಾಣುವುದು. ಅದು ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಜನಿಸುತ್ತಿರುವ ಅನಿಲರಾಶಿ. ಎಳೆಯ ನಕ್ಷತ್ರಗಳ ಅತಿನೇರಳೆ ಕಿರಣಗಳು ಅಲ್ಲಿನ ಜಲಜನಕದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಅವು ಮರಳಿ ಕೂಡಿಕೊಳ್ಳುವಾಗ 656.3 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು ಹೊಮ್ಮುತ್ತದೆ. ಆಮ್ಲಜನಕವು 500.7 ನ್ಯಾನೊಮೀಟರಿನ ಹಸಿರು ಬೆಳಕನ್ನು ಬೀರುತ್ತದೆ. ವರ್ಣಪಟಲದಲ್ಲಿ ಇವು ಬಿಡಿಬಿಡಿ ಗೆರೆಗಳಾಗಿ ತೋರುತ್ತವೆ.

ಇಂಥ ಗೆರೆಗಳಿಗೂ ಕನ್ನಡ ನಾಡಿಗೂ ಹಳೆಯ ನಂಟುಂಟು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದಲ್ಲಿ ಜಮಖಂಡಿಯಿಂದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಪ್ರಕಾಶರೇಖೆಗಳನ್ನು ಕಂಡು, ಅವು ಕಾದ ಅನಿಲವೆಂದು ಅರಿತನು.

ಆಮ್ಲಜನಕ ಹೆಚ್ಚಿದರೆ ಹಸಿರು ಗೆರೆಯೂ ಹೆಚ್ಚು ಬೆಳಗಬೇಕಲ್ಲವೇ? ತರಗತಿಯಲ್ಲಿ ನಾವು ಕೇಳಿದಾಗಲೆಲ್ಲ ವಿದ್ಯಾರ್ಥಿಗಳು ಹೌದೆನ್ನುತ್ತಾರೆ. ಸ್ವಲ್ಪ ದೂರ ಅದು ನಿಜ. ಆಮೇಲೆ ಗೆರೆ ಮಂಕಾಗತೊಡಗುತ್ತದೆ! ಅಡಕೆ ಬೇಯಿಸುವ ಹಂಡೆಯ ಶಾಖವನ್ನು ಆವಿ ಹೊತ್ತೊಯ್ಯುವಂತೆ, ಆಮ್ಲಜನಕದ ಬೆಳಕು ಅನಿಲದ ಶಾಖವನ್ನು ಹೊತ್ತು ಹೊರಡುತ್ತದೆ. ಅನಿಲ ತಣಿದಾಗ, ಆಮ್ಲಜನಕವನ್ನು ಡಿಕ್ಕಿ ಹೊಡೆದು ಹಸಿರು ಬೆಳಕನ್ನು ಹೊರಡಿಸುವಷ್ಟು ವೇಗ ಇಲೆಕ್ಟ್ರಾನುಗಳಿಗೆ ಉಳಿಯುವುದಿಲ್ಲ. ಶಕ್ತಿಯು 88 ಮೈಕ್ರಾನಿನಂಥ ಅವಕೆಂಪು ಗೆರೆಗಳ ಮೂಲಕ ಸೋರಿಹೋಗುತ್ತದೆ.

ಆದುದರಿಂದ ಒಂದೇ ಹಸಿರು ಗೆರೆ ಬಡ ಅನಿಲದಿಂದಲೂ ಬಂದಿರಬಹುದು, ಸಮೃದ್ಧ ಅನಿಲದಿಂದಲೂ ಬಂದಿರಬಹುದು. ದೂರದ ಗೆಲಾಕ್ಸಿಯಲ್ಲಂತೂ ಸಾವಿರಾರು ಅನಿಲರಾಶಿಗಳ ಬೆಳಕು ಒಂದೇ ಚುಕ್ಕೆಯಲ್ಲಿ ಬೆರೆತಿರುತ್ತದೆ. ಈ ತೊಡಕಿಗಾಗಿಯೇ ಗಣಿತದ ಮಾದರಿಗಳು ಬೇಕು. ನಕ್ಷತ್ರಗಳ ವಯಸ್ಸು, ಅನಿಲದ ಸಾಂದ್ರತೆ, ಮೂಲವಸ್ತುಗಳ ಪ್ರಮಾಣ ಇವನ್ನು ಊಹಿಸಿ, ಯಾವ ಗೆರೆ ಎಷ್ಟು ಬೆಳಗಬೇಕೆಂದು ಗಣಕಯಂತ್ರದಿಂದ ಎಣಿಸಿ, ದೂರದರ್ಶಕ ಕಂಡುದರೊಡನೆ ತಾಳೆ ನೋಡುತ್ತಾರೆ. 1978ರಲ್ಲಿ ಗ್ಯಾರಿ ಫರ್ಲೆಂಡ್ ಆರಂಭಿಸಿದ ‘ಕ್ಲೌಡಿ’ ಎಂಬ ಕ್ರಮವಿಧಿ ಇಂದಿಗೂ ಬಳಕೆಯಲ್ಲಿದೆ. 436.3 ನ್ಯಾನೊಮೀಟರಿನ ಕ್ಷೀಣ ಗೆರೆಯೊಂದು ಸಿಕ್ಕರೆ ಅನಿಲದ ಉಷ್ಣತೆ ನೇರವಾಗಿ ತಿಳಿದು, ಸಂಶಯ ಬಹುಮಟ್ಟಿಗೆ ತೀರುತ್ತದೆ.

ವಿಶ್ವದ ಆದಿಯಲ್ಲಿ ಆಮ್ಲಜನಕವಿರಲಿಲ್ಲ. ನಕ್ಷತ್ರಗಳು ಬಾಳಿ ಅಳಿದ ಮೇಲೆಯೇ ಅದು ಅನಿಲದಲ್ಲಿ ಬೆರೆಯಿತು. ಹೀಗಾಗಿ ಅದರ ಪ್ರಮಾಣವು ಗೆಲಾಕ್ಸಿಯ ವಂಶಚರಿತ್ರೆಯಿದ್ದಂತೆ. ವಿಶ್ವ ಹಿಗ್ಗಿದಂತೆ ಅಲೆಗಳೂ ಹಿಗ್ಗುವುದರಿಂದ, ಅತಿ ಪ್ರಾಚೀನ ಗೆಲಾಕ್ಸಿಯೊಂದರ 88 ಮೈಕ್ರಾನಿನ ಗೆರೆಯು ಸುಮಾರು 1.3 ಮಿಲಿಮೀಟರ್ ಆಗಿ ಚಿಲಿ ದೇಶದ ‘ಆಲ್ಮಾ’ ದೂರದರ್ಶಕಕ್ಕೆ ಸಿಕ್ಕಿತೆಂದು 2025ರಲ್ಲಿ ಪ್ರಕಟವಾಯಿತು. ಆ ಬೆಳಕು ಹೊರಟಾಗ ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬಿರಲಿಲ್ಲ. ಆದರೂ ಭಾರವಾದ ಮೂಲವಸ್ತುಗಳು ನಿರೀಕ್ಷಿಸಿದುದಕ್ಕಿಂತ ಸುಮಾರು ಹತ್ತು ಪಟ್ಟು ಅಲ್ಲಿದ್ದವು. ಅಷ್ಟು ಬೇಗ ಅಷ್ಟು ನಕ್ಷತ್ರಗಳು ಹುಟ್ಟಿ ಅಳಿದುದು ಹೇಗೆಂಬುದಕ್ಕೆ ಮಾದರಿಗಳು ಈಗ ಉತ್ತರ ಕೊಡಬೇಕಾಗಿದೆ.