ಗರ್ಭಿಣೀ ಪರಿಚರ್ಯೆ: ಶಾಸ್ತ್ರವೂ ರೂಢಿಯೂ

ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಹೊತ್ತು ನಡೆಯುವವನು ಒಂದು ಹನಿಯೂ ತುಳುಕದಂತೆ ಹೇಗೆ ಎಚ್ಚರ ವಹಿಸುವನೋ ಹಾಗೆ ಗರ್ಭಿಣಿಯನ್ನು ಉಪಚರಿಸಬೇಕೆಂಬುದು ಚರಕಸಂಹಿತೆಯ ಆದೇಶ. ಶಾರೀರಸ್ಥಾನದ ಎಂಟನೆಯ ಅಧ್ಯಾಯವಾದ ಜಾತಿಸೂತ್ರೀಯದಲ್ಲಿ ಈ ಮಾತು ಬರುತ್ತದೆ. ಮಠದ ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಅದನ್ನು ಓದಿದಾಗ ನಾವು ಉಪಮೆಯ ಅಂದವನ್ನಷ್ಟೇ ಕಂಡಿದ್ದೆವು. ಅದರ ಭಾರ ತಿಳಿದದ್ದು ಬಹಳ ವರ್ಷಗಳ ಅನಂತರ, ಭಕ್ತರ ಮನೆಯೊಂದರ ಕುಬಸಕ್ಕೆ ಹೋದಾಗ.

ಏಳನೆಯ ತಿಂಗಳ ಕುಬಸ ಅದು. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು. ಮುತ್ತೈದೆಯರು ಉಡಿ ತುಂಬಿ ಆರತಿ ಬೆಳಗಿದರು. ಊಟದ ವೇಳೆ ಆ ಹೆಣ್ಣುಮಗಳು ಎರಡನೆಯ ಹೋಳಿಗೆಗೆ ಕೈಚಾಚಿದಾಗ ಮನೆಯ ಹಿರಿಯ ತಾಯಿ, "ಸಾಕವ್ವಾ, ಕೂಸು ದೊಡ್ಡದಾದರ ಹಡೆಯೂದು ಕಷ್ಟ ಆಗತದ" ಎಂದು ತಡೆದರು. ದಿನವೂ ಆಕೆ ಎಲ್ಲರ ಊಟವಾದ ಬಳಿಕ ಉಣ್ಣುವಳೆಂದೂ, ಬಾಳೆಹಣ್ಣು ಶೀತವೆಂದು, ಬೇಳೆ ವಾಯುವೆಂದು ಒಂದೊಂದಾಗಿ ಬಿಡಿಸಿರುವರೆಂದೂ ಮಾತಿನ ನಡುವೆ ತಿಳಿಯಿತು. ಅವಳ ಮುಖ ಬಿಳಿಚಿಕೊಂಡಿತ್ತು. ಕಾರಣ ಕೇಳಿದರೆ, "ಶಾಸ್ತ್ರದಾಗ ಹಂಗ ಹೇಳ್ಯಾರಲ್ರೀ, ಶಾಸ್ತ್ರಿಗಳ" ಎಂಬ ಉತ್ತರ ಬಂದಿತು.

ಯಾವ ಶಾಸ್ತ್ರದಲ್ಲಿ ಹಾಗೆ ಹೇಳಿದೆ? ಅಂದು ಮನೆಗೆ ಬಂದು ಗ್ರಂಥಗಳನ್ನು ಮತ್ತೆ ತೆರೆದೆವು. ಅಲ್ಲಿ ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ತಿಂಗಳು ತಿಂಗಳಿನ ಆಹಾರ

ಚರಕನು ತಿಂಗಳಿಗೊಂದರಂತೆ ಆಹಾರಕ್ರಮವನ್ನು ಹೇಳಿದ್ದಾನೆ. ಮೊದಲ ತಿಂಗಳು ತಣಿದ ಹಾಲನ್ನು ಮಿತವಾಗಿ ಕುಡಿದು, ಬೆಳಗು ಬೈಗು ತನಗೆ ಒಗ್ಗುವ ಆಹಾರವನ್ನು ಉಣ್ಣಬೇಕು. ಎರಡನೆಯ ತಿಂಗಳು ಮಧುರ ಔಷಧಿಗಳನ್ನು ಹಾಕಿ ಕಾಯಿಸಿದ ಹಾಲು, ಮೂರರಲ್ಲಿ ಜೇನು ತುಪ್ಪ ಬೆರೆಸಿದ ಹಾಲು, ನಾಲ್ಕರಲ್ಲಿ ಹಾಲಿನೊಡನೆ ಬೆಣ್ಣೆ, ಐದರಲ್ಲಿ ತುಪ್ಪ, ಆರು ಮತ್ತು ಏಳರಲ್ಲಿ ಔಷಧಸಿದ್ಧವಾದ ತುಪ್ಪ, ಎಂಟರಲ್ಲಿ ತುಪ್ಪ ಬೆರೆಸಿದ ಹಾಲಿನ ಗಂಜಿ. ಸುಶ್ರುತನ ಕ್ರಮದಲ್ಲಿ ಅರವತ್ತು ದಿನದ ಅಕ್ಕಿಯ ಅನ್ನವು ಹಾಲು, ಮೊಸರು, ತುಪ್ಪಗಳೊಡನೆ ಬರುತ್ತದೆ. ಆರನೆಯ ತಿಂಗಳಿಗೆ ನೆಗ್ಗಿಲಿನಿಂದ ಸಿದ್ಧಪಡಿಸಿದ ತುಪ್ಪ ಅಥವಾ ಗಂಜಿಯನ್ನು ಅವನು ಹೇಳಿದ್ದಾನೆ. ಮಾಂಸಾಹಾರವನ್ನೂ ಹೇಳಿರುವನು, ಅದನ್ನು ಸ್ವೀಕರಿಸದ ನಮ್ಮ ಮನೆಗಳಲ್ಲಿ ಆ ಸ್ಥಾನವನ್ನು ಬೇಳೆಕಾಳುಗಳೇ ತುಂಬಬೇಕು. ಆ ಬೇಳೆಯನ್ನೇ ಬಿಡಿಸಿದರೆ ಉಳಿಯುವುದೇನು?

ಈ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ತಿಂಗಳು ಏರಿದಂತೆ ಪೋಷಣೆಯೂ ಏರುತ್ತದೆ. ಮಗು ದೊಡ್ಡದಾದೀತೆಂದು ಅನ್ನ ಕಡಿಮೆ ಮಾಡಿರೆಂಬ ಮಾತು ಇಲ್ಲಿ ಎಲ್ಲಿಯೂ ಇಲ್ಲ. ಬದಲಾಗಿ ಉಪವಾಸ, ಅತಿಶ್ರಮ, ಒರಟು ಆಸನ, ಮಲಮೂತ್ರಗಳ ತಡೆ, ಭಯ, ಶೋಕ ಇವು ಗರ್ಭಕ್ಕೆ ಕೇಡೆಂದು ಎಚ್ಚರಿಸಲಾಗಿದೆ. ಅತಿಯೂ ಸಲ್ಲದು. ಸದಾ ಸಿಹಿಯನ್ನೇ ತಿನ್ನುವ ತಾಯಿಯ ಮಗುವಿಗೆ ಪ್ರಮೇಹವೂ ಅತಿಸ್ಥೂಲತೆಯೂ ಬರಬಹುದೆಂದು ಚರಕನೇ ಹೇಳಿದ್ದಾನೆ. ಗರ್ಭಕಾಲದ ಸಕ್ಕರೆ ಕಾಯಿಲೆಯನ್ನು ಕಂಡಿರುವ ಇಂದಿನವರು ಈ ಎಚ್ಚರವನ್ನು ಹಗುರವಾಗಿ ಎಣಿಸಲಾರರು.

ಬಯಕೆಯ ಮರ್ಯಾದೆ

ಗರ್ಭಿಣಿಯನ್ನು ಆಯುರ್ವೇದವು ದೌಹೃದಿನೀ ಎನ್ನುತ್ತದೆ. ಎಂದರೆ ಎರಡು ಹೃದಯಗಳುಳ್ಳವಳು. ಚರಕನ ಮತದಲ್ಲಿ ಮೂರನೆಯ ತಿಂಗಳಿನಿಂದ, ಸುಶ್ರುತನ ಮತದಲ್ಲಿ ನಾಲ್ಕನೆಯ ತಿಂಗಳಿನಿಂದ ಮಗುವಿನ ಇಚ್ಛೆಯು ತಾಯಿಯ ಬಯಕೆಯಾಗಿ ಹೊರಹೊಮ್ಮುತ್ತದೆ. ಗರ್ಭಕ್ಕೆ ಕೇಡಾಗದ ಬಯಕೆಗಳನ್ನೆಲ್ಲ ಸಲ್ಲಿಸಬೇಕು. ಅಹಿತವಾದುದನ್ನು ತೀವ್ರವಾಗಿ ಬಯಸಿದರೆ ಅದನ್ನೂ ಹಿತವಾದುದರೊಡನೆ ಬೆರೆಸಿ ಕೊಡಬೇಕೆನ್ನುವಷ್ಟು ಉದಾರತೆ ಇಲ್ಲಿದೆ. ನಮ್ಮ ಹಳ್ಳಿಗಳ ಬಯಕೆ ಊಟದ ಮೂಲ ಭಾವವೂ ಇದೇ. ಒಂದು ದಿನ ಹಸಿರು ಬಳೆ ತೊಡಿಸಿ, ಉಳಿದ ದಿನಗಳಲ್ಲಿ ತಟ್ಟೆಗೆ ಕಾವಲು ಕುಳಿತರೆ ಅದು ಬಯಕೆಯನ್ನು ಸಲ್ಲಿಸಿದಂತಾಗದು.

ಆತ್ರೇಯರು ಒಪ್ಪದ ಮಾತು

ಏಳನೆಯ ತಿಂಗಳಿನ ಪ್ರಸಂಗವೊಂದು ಬಹಳ ಸ್ವಾರಸ್ಯವಾಗಿದೆ. ಆಗ ತಾಯಿಗೆ ಉರಿ, ತುರಿಕೆಗಳು ಉಂಟಾಗುತ್ತವೆ. ಮಗುವಿಗೆ ಕೂದಲು ಹುಟ್ಟುವುದೇ ಇದಕ್ಕೆ ಕಾರಣವೆಂದು ಹೆಂಗಸರು ಹೇಳುತ್ತಾರೆ. ಭಗವಾನ್ ಆತ್ರೇಯರು ಇದನ್ನು ಒಪ್ಪುವುದಿಲ್ಲ. ಬೆಳೆದ ಗರ್ಭದ ಒತ್ತಡದಿಂದ ದೋಷಗಳು ಎದೆಯನ್ನು ಸೇರಿ ಉರಿ ತರುತ್ತವೆ, ಅದರಿಂದ ತುರಿಕೆಯೂ ಚರ್ಮದ ಗೆರೆಗಳೂ ಮೂಡುತ್ತವೆ ಎಂಬುದು ಅವರ ನಿರ್ಣಯ. ತುರಿಸಿಕೊಳ್ಳಬಾರದು, ಗಂಧವೇ ಮೊದಲಾದುವುಗಳನ್ನು ಅರೆದು ಹಚ್ಚಬೇಕು ಎಂದು ಉಪಾಯವನ್ನೂ ಹೇಳಿದ್ದಾರೆ. ಅವರ ಕಾರಣ ಇಂದಿನ ವಿಜ್ಞಾನಕ್ಕೆ ಪೂರ್ತಿ ಒಪ್ಪಿಗೆಯಾಗದಿರಬಹುದು. ಆದರೆ ಎಲ್ಲರೂ ಹೇಳುತ್ತಾರೆಂಬುದೇ ಪ್ರಮಾಣವಲ್ಲ ಎಂಬ ಧೈರ್ಯ ಅವರಲ್ಲಿತ್ತು. ಶಾಸ್ತ್ರದಿಂದ ನಾವು ಮೊದಲು ಕಲಿಯಬೇಕಾದುದು ಇದನ್ನೇ.

ಈ ಧೈರ್ಯವನ್ನು ಶಾಸ್ತ್ರದ ಮೇಲೂ ಪ್ರಯೋಗಿಸಬೇಕು. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮಗುವಿನ ನಡುವೆ ಸ್ಥಿರವಿಲ್ಲದೆ ಚಲಿಸುವುದರಿಂದ ಆಗಿನ ಹೆರಿಗೆ ಅಪಾಯಕರವೆಂದು ಚರಕನು ಹೇಳಿದನು. ಅದರಿಂದ ಏಳರ ಕೂಸು ಉಳಿದೀತು, ಎಂಟರದು ಉಳಿಯದು ಎಂಬ ನಂಬಿಕೆ ಬಲಿಯಿತು. ಇಂದು ತಿಳಿದಿರುವಂತೆ ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿಗೆ ಬಲ. ಎಂಟರಲ್ಲಿ ಹುಟ್ಟಿದ ಮಗು ಏಳರದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಆದುದರಿಂದ ಎಂಟರಲ್ಲಿ ನೋವು ಕಾಣಿಸಿದರೆ ಕೈಚೆಲ್ಲಿ ಕೂಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗಂಡುಮಗುವಿಗಾಗಿ ಹೇಳಿದ ಪುಂಸವನ ವಿಧಿಗಳೂ ಅದೇ ಅಧ್ಯಾಯದಲ್ಲಿವೆ. ಅವುಗಳನ್ನು ಬಿಡುವುದೇ ಲೇಸು. ಕೇಸರಿ ಹಾಲಿನಿಂದ ಮಗು ಬೆಳ್ಳಗಾಗುವುದೆಂಬುದೂ ಬರಿಯ ಮಾತು. ಪಪ್ಪಾಯಿಯಲ್ಲಿ ಹಾಲು ಸೋರುವ ಕಾಯಿಯನ್ನು ವರ್ಜಿಸಬೇಕು. ಚೆನ್ನಾಗಿ ಕಳಿತ ಹಣ್ಣನ್ನು ಮಿತವಾಗಿ ತಿನ್ನಲು ಅಡ್ಡಿಯಿಲ್ಲ.

ಇಂದಿನ ತಿಳಿವು

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿಗೆ ರಕ್ತಹೀನತೆ ಇತ್ತು. ಹಾಲು ತುಪ್ಪಗಳಿಂದ ಬಲ ಬಂದರೂ ಅವುಗಳಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ನುಗ್ಗೆ ಸೊಪ್ಪು, ಮೆಂತ್ಯದ ಸೊಪ್ಪು, ಹೆಸರುಕಾಳು, ಎಳ್ಳು, ಶೇಂಗಾ ದಿನವೂ ತಟ್ಟೆಯಲ್ಲಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ರಾಗಿಯಿಂದ ಸುಣ್ಣದ ಅಂಶ ಸಿಗುತ್ತದೆ. ಇಷ್ಟಾದರೂ ಆಹಾರವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ಕನಿಷ್ಠ ೧೮೦ ದಿನ ಸರಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಹಾಲು, ಚಹಾಗಳೊಡನೆ ಮಾತ್ರ ಅದನ್ನು ಸೇವಿಸಬಾರದು.

ಆಯುರ್ವೇದದ ಹೆಸರಿನಲ್ಲಿ ಸಿಕ್ಕ ಗುಳಿಗೆಯನ್ನೆಲ್ಲ ನುಂಗುವುದೂ ಅಪಾಯ. ೨೦೧೧–೧೨ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಭಾರತದ ಆಯುರ್ವೇದ ಔಷಧಿಗಳನ್ನು ಸೇವಿಸಿದ ಆರು ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಕಂಡುಬಂದಿತ್ತು. ಮನೆಯ ಆಹಾರ ಬೇರೆ, ಭಸ್ಮ ಗುಳಿಗೆಗಳು ಬೇರೆ. ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಕೊಡಬಾರದು. ರಕ್ತಸ್ರಾವ, ಮುಖ ಕೈಗಳ ಬಾವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಅಂಗೈ ಅಂಗಾಲುಗಳ ವಿಪರೀತ ತುರಿಕೆ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

೨೦೧೭ರ ಅಕ್ಟೋಬರ್ ೨ರಂದು ನಮ್ಮ ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಆರಂಭವಾಗಿ, ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ಮನೆಗೆ ಕೊಟ್ಟ ದಿನಸಿ ಮನೆಮಂದಿಯಲ್ಲೆಲ್ಲ ಹಂಚಿಹೋಗಿ, ಆಕೆಯ ಪಾಲಿಗೆ ಸ್ವಲ್ಪವೇ ಉಳಿಯುತ್ತಿದ್ದುದು ಇದಕ್ಕೊಂದು ಕಾರಣ. ಈ ಮಾತು ನಮ್ಮ ಮನೆಗಳ ಮೇಲೆ ಬಂದ ತೀರ್ಪೆಂದೇ ನಾವು ಭಾವಿಸುತ್ತೇವೆ.

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಹೆರುವ ತಾಯಿಗೆ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆಯವರು ನಾವು. ಆ ತಾಯಿಯನ್ನು ಕಡೆಯ ಪಂಕ್ತಿಯಲ್ಲಿ ಕೂರಿಸಿ ಉಳಿದದ್ದನ್ನು ಬಡಿಸುವುದು ನಮಗೆ ತಕ್ಕುದಲ್ಲ. ಜಂಗಮಕ್ಕೆ ಅನ್ನವಿಕ್ಕುವುದನ್ನು ದಾಸೋಹವೆಂದು ತಿಳಿದವರ ಮನೆಯಲ್ಲಿ, ಜೀವವೊಂದನ್ನು ಹೊತ್ತ ಹೆಣ್ಣುಮಗಳ ತಟ್ಟೆಗೆ ಮೊದಲು ಬಡಿಸುವುದೂ ದಾಸೋಹವೇ. ಅತ್ತೆಯಂದಿರೂ ತಾಯಂದಿರೂ ಇಂದಿನ ರಾತ್ರಿಯ ಊಟದಿಂದಲೇ ಇದನ್ನು ಆರಂಭಿಸಲಿ ಎಂಬುದು ನಮ್ಮ ವಿನಂತಿ.