ತಂತಿಯಿಂದ ತರಂಗಕ್ಕೆ

ಆಕಾಶವಾಣಿ ಎಂಬ ಹೆಸರಿಗೂ ಕನ್ನಡ ನಾಡಿಗೂ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಸ್ಥಾಪಿಸಿ, ಅದನ್ನು ಈ ಹೆಸರಿನಿಂದ ಕರೆದರು. ಅಂದು ಆಕಾಶವು ಹೊತ್ತು ತಂದದ್ದು ಧ್ವನಿಯನ್ನು ಮಾತ್ರ. ಇಂದು ಅದೇ ಆಕಾಶವು ಪತ್ರವನ್ನು, ಪುಸ್ತಕವನ್ನು, ಬ್ಯಾಂಕಿನ ಲೆಕ್ಕವನ್ನು, ಕಡಲಾಚೆಯ ಮೊಮ್ಮಗುವಿನ ಮುಖವನ್ನು ಮನೆಯೊಳಕ್ಕೆ ತರುತ್ತಿದೆ. ಈ ಬದಲಾವಣೆ ಹೇಗಾಯಿತು, ಇದರಲ್ಲಿ ನಾವು ಪಡೆದದ್ದೇನು, ಬಿಟ್ಟುಕೊಟ್ಟದ್ದೇನು ಎಂಬುದನ್ನು, ನಾನು ಬಹುಕಾಲದಿಂದ ನೆಲೆಸಿರುವ ದಕ್ಷಿಣ ಬೆಂಗಳೂರಿನ ಅನುಭವವನ್ನು ಆಧಾರವಾಗಿಟ್ಟುಕೊಂಡು ಹೇಳಬಯಸುತ್ತೇನೆ.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಸರ್ಕಾರಿ ಸಂಸ್ಥೆಯಾಗಿದ್ದ ವಿದೇಶ ಸಂಚಾರ ನಿಗಮವು ಈ ಸೇವೆಯನ್ನು ಆರಂಭಿಸಿತು. ಮರುವರ್ಷವೇ ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ ಜಾಲತಾಣದ ಮೂಲಕ ಕನ್ನಡದ ಅಕ್ಷರಗಳೂ ಅಂತರಜಾಲದಲ್ಲಿ ಕಾಣಿಸಿಕೊಂಡವು. 1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಜಯನಗರ, ಬನಶಂಕರಿಗಳ ಮನೆಗಳಲ್ಲಿ ಒಂದೊಂದಾಗಿ ಕಂಪ್ಯೂಟರುಗಳು ಬಂದವು. ಅವುಗಳ ಪಕ್ಕದಲ್ಲಿ ಮಿಣುಕುವ ಕೆಂಪು ದೀಪಗಳ ಒಂದು ಸಣ್ಣ ಪೆಟ್ಟಿಗೆಯೂ ಬಂದಿತು. ಅದರ ಹೆಸರು ಮೋಡೆಮ್.

ಈ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಸ್ವಾರಸ್ಯವಾದುದು. ದೂರವಾಣಿಯ ತಂತಿಯನ್ನು ಎಳೆದದ್ದು ಮನುಷ್ಯರ ಮಾತಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ದನಿ ಅದರಲ್ಲಿ ಚೆನ್ನಾಗಿ ಹರಿಯುತ್ತದೆ. ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ ಕಂಪ್ಯೂಟರಿಗೆ ಮಾತು ಬಾರದು; ಅದಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳು. ಅಂಕಿಗಳನ್ನು ದನಿಯನ್ನಾಗಿ ಮಾರ್ಪಡಿಸಿ ತಂತಿಯೊಳಕ್ಕೆ ಬಿಡುವುದು, ಆ ಕಡೆಯಿಂದ ಬಂದ ದನಿಯನ್ನು ಮತ್ತೆ ಅಂಕಿಗಳನ್ನಾಗಿ ಬಿಡಿಸಿಕೊಳ್ಳುವುದು, ಇದೇ ಮೋಡೆಮ್ಮಿನ ಕಾರ್ಯ. ಸಂಪರ್ಕ ಕೂಡುವಾಗ ಕೇಳಿಬರುತ್ತಿದ್ದ ಆ ಕಿರಿಚಾಟ ಅನೇಕರಿಗೆ ನೆನಪಿರಬಹುದು. ಅದು ಯಂತ್ರದ ಗೋಳಾಟವಾಗಿರಲಿಲ್ಲ. ಎರಡು ಮೋಡೆಮ್ಮುಗಳು, ‘ಈ ತಂತಿಯಲ್ಲಿ ಎಷ್ಟು ವೇಗವಾಗಿ ಮಾತನಾಡಬಹುದು?’ ಎಂದು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಸದ್ದು.

ಆ ವೇಗಕ್ಕೆ ಒಂದು ಮಿತಿಯಿತ್ತು. ದೂರವಾಣಿ ವಿನಿಮಯ ಕೇಂದ್ರವು ನಮ್ಮ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಅಂಕಿಗಳಲ್ಲಿ ಬರೆದಿಡುತ್ತದೆ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 64,000 ಅಂಕಿಗಳು. ಇದನ್ನು ಮೀರಿ ಹೋಗುವ ಮಾತೇ ಇಲ್ಲ. ಆದುದರಿಂದಲೇ ಮೋಡೆಮ್ಮುಗಳ ಓಟ 56,000ದ ಬಳಿ ನಿಂತುಹೋಯಿತು; ಬಳಕೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತಲೂ ಕಡಮೆ. ಒಂದು ಲೆಕ್ಕವನ್ನು ನೋಡಿ. ಈಗಿನ ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಸುಮಾರು 4 ಕೋಟಿ ಅಂಕಿಗಳಿವೆ ಎನ್ನೋಣ. ಸೆಕೆಂಡಿಗೆ 40,000ದಂತೆ ಅದು ಬಂದು ಸೇರಲು 1,000 ಸೆಕೆಂಡು, ಎಂದರೆ ಹದಿನೇಳು ನಿಮಿಷ ಬೇಕಾಗುತ್ತಿತ್ತು. ಸೆಕೆಂಡಿಗೆ 10 ಕೋಟಿ ಅಂಕಿಗಳನ್ನು ಸಾಗಿಸುವ ಇಂದಿನ ಮನೆಯ ಸಂಪರ್ಕದಲ್ಲಿ ಅದಕ್ಕೆ ಅರ್ಧ ಸೆಕೆಂಡೂ ಬೇಡ.

ವೇಗಕ್ಕಿಂತಲೂ ಹೆಚ್ಚಿನ ತೊಡಕು ಬೇರೊಂದಿತ್ತು. ಮೋಡೆಮ್ ಮಾತನಾಡುತ್ತಿದ್ದಷ್ಟು ಹೊತ್ತೂ ಮನೆಯವರ ಬಾಯಿಗೆ ಬೀಗ. ತಂತಿ ಒಂದೇ, ಅದರಲ್ಲಿ ಯಂತ್ರ ಮಾತನಾಡಬೇಕು, ಇಲ್ಲವೆ ಮನುಷ್ಯ ಮಾತನಾಡಬೇಕು. ನಮ್ಮ ಮನೆಯಲ್ಲಿ ಹುಡುಗರು ಸಂಪರ್ಕ ಕೂಡಿಸಿ ಕುಳಿತರೆ, ನಮ್ಮ ತಾಯಿಯವರು ಅಡುಗೆಮನೆಯಿಂದಲೇ, “ಬಿಟ್ಟೆಯೇನೋ ಲೈನು? ಅಕ್ಕ ಫೋನು ಮಾಡೋ ಹೊತ್ತು” ಎಂದು ಕೂಗುತ್ತಿದ್ದರು. ಒಂದು ಕಡೆ ಗಂಟೆಗಳ ಲೆಕ್ಕದಲ್ಲಿ ಕೊಂಡ ಅಂತರಜಾಲದ ಸಮಯ ಕರಗುತ್ತಿತ್ತು. ಇನ್ನೊಂದು ಕಡೆ ದೂರವಾಣಿಯ ಮಾಪಕ ತಿರುಗುತ್ತಿತ್ತು. ವಾರಕ್ಕೊಮ್ಮೆ ಕರೆ ಮಾಡುವ ಮಗನಿಗೆ ಅಮೆರಿಕದಿಂದ ಮತ್ತೆ ಮತ್ತೆ ‘ಎಂಗೇಜ್’ ಸದ್ದೇ ಕೇಳಿಸಿ, ಏನಾಯಿತೋ ಎಂದು ಗಾಬರಿಯಾದ ಕಥೆ ನಮ್ಮ ಬೀದಿಯಲ್ಲಿ ಒಂದೆರಡಲ್ಲ.

ಈ ಜಗಳವನ್ನು ಬಿಡಿಸಿದ್ದು ಬ್ರಾಡ್‌ಬ್ಯಾಂಡ್. 2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದರ ನೀತಿಯನ್ನು ಪ್ರಕಟಿಸಿತು. ಮರುವರ್ಷದ ಜನವರಿಯಲ್ಲಿ ಭಾರತ ಸಂಚಾರ ನಿಗಮವು ಬೆಂಗಳೂರಿನಲ್ಲಿ ಸೇವೆಯನ್ನು ಆರಂಭಿಸಿತು. ತಂತಿ ಅದೇ ಹಳೆಯ ತಾಮ್ರದ ತಂತಿ. ಆದರೆ ಮಾತು ಕೆಳಗಿನ ಕಂಪನಗಳಲ್ಲಿ, ಅಂಕಿಗಳು ಅದಕ್ಕೂ ಬಹಳ ಮೇಲಿನ, ಸೆಕೆಂಡಿಗೆ ಸುಮಾರು ಹನ್ನೊಂದು ಲಕ್ಷದವರೆಗಿನ ಕಂಪನಗಳಲ್ಲಿ ಹರಿಯುವಂತೆ ಏರ್ಪಾಡಾಯಿತು. ಒಂದೇ ಕಾಲುವೆಯಲ್ಲಿ ಎರಡು ಹರಿವುಗಳು. ಎರಡನ್ನೂ ಬೇರ್ಪಡಿಸಲು ಬೆಂಕಿಪೊಟ್ಟಣದಷ್ಟಿನ ಒಂದು ಉಪಕರಣ. ಅಂದು ಸೆಕೆಂಡಿಗೆ 2,56,000 ಅಂಕಿಗಳಿದ್ದರೆ ಅದೇ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2013ರಲ್ಲಿ ಆ ಅಳತೆಯನ್ನು ಇಮ್ಮಡಿಗೊಳಿಸಿದರು. 2023ರಲ್ಲಿ 20 ಲಕ್ಷಕ್ಕೇರಿಸಿದರು. ಆರಂಭದ ಕೆಲವು ಯೋಜನೆಗಳಲ್ಲಿ ಬೆಳಗಿನ ಜಾವ ಎರಡರಿಂದ ಎಂಟರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. ಏಕಾದಶಿಯ ಜಾಗರಣೆಯನ್ನೂ ಮಾಡದ ತರುಣರು ಅಂತರಜಾಲಕ್ಕಾಗಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದ ಕಾಲವದು.

ಆದರೆ ತಾಮ್ರದ ತಂತಿಗೆ ಒಂದು ದೌರ್ಬಲ್ಯವುಂಟು. ವಿನಿಮಯ ಕೇಂದ್ರದಿಂದ ದೂರ ಹೋದಷ್ಟೂ ಮೇಲಿನ ಕಂಪನಗಳು ಸೊರಗುತ್ತವೆ. ನಾಲ್ಕೈದು ಕಿಲೋಮೀಟರು ದಾಟಿದರೆ ಉಳಿಯುವುದು ಅತ್ಯಲ್ಪ. ಕೇಂದ್ರಕ್ಕೆ ಸಮೀಪವಿದ್ದ ಹಳೆಯ ಬ್ಲಾಕುಗಳ ಮನೆಗೂ, ಜೆ. ಪಿ. ನಗರದ ಕೊನೆಯ ಹಂತಗಳಲ್ಲಿ ಎದ್ದ ಹೊಸ ಮನೆಗೂ ಒಂದೇ ಶುಲ್ಕವಾದರೂ ಒಂದೇ ವೇಗ ಸಿಗದಿದ್ದುದು ಇದರಿಂದಲೇ. ಊರು ತಂತಿಗಿಂತ ವೇಗವಾಗಿ ಬೆಳೆದಾಗ, ತಂತಿಯೇ ಇಲ್ಲದೆ ತಲುಪುವ ಉಪಾಯವನ್ನು ಹುಡುಕಲೇಬೇಕಾಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ‘ನಮ್ಮ ಮನೆಯಲ್ಲಿ ವೈ-ಫೈ ಇದೆ, ತಂತಿಯೇ ಇಲ್ಲ’ ಎಂದು ಅನೇಕರು ಹೇಳುವುದುಂಟು. ವಾಸ್ತವವಾಗಿ ವೈ-ಫೈ ಎಂಬುದು ಮನೆಯೊಳಗಿನ ಏರ್ಪಾಡು ಮಾತ್ರ. ರೌಟರ್ ಎಂಬ ಪೆಟ್ಟಿಗೆಯಿಂದ ನಮ್ಮ ಕೈಫೋನಿನವರೆಗಿನ ಹತ್ತಿಪ್ಪತ್ತು ಅಡಿಗಳಲ್ಲಿ ತಂತಿಯಿಲ್ಲ, ನಿಜ. ಆದರೆ ಆ ಪೆಟ್ಟಿಗೆಯವರೆಗೆ ಬೀದಿಯಿಂದ ಬಂದಿರುವುದು ತಾಮ್ರದ ತಂತಿಯೋ ಗಾಜಿನ ಎಳೆಯೋ ಆಗಿರುತ್ತದೆ. ಬೀದಿಯಿಂದಲೂ ತಂತಿಯಿಲ್ಲದೆ ಬರುವ ಸಂಪರ್ಕವೇ ಬೇರೆ. ಮದರಾಸಿನ ಐ.ಐ.ಟಿ.ಯಲ್ಲಿ 1990ರ ದಶಕದಲ್ಲಿಯೇ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಅವರ ತಂಡ ಅಂತಹ ಒಂದು ಪದ್ಧತಿಯನ್ನು ರೂಪಿಸಿತ್ತು. ಮಾತನ್ನೂ ಅಂತರಜಾಲವನ್ನೂ ಅದು ಏಕಕಾಲಕ್ಕೆ ಸಾಗಿಸುತ್ತಿತ್ತು. ಬೆಂಗಳೂರಿನಲ್ಲಿ 2008ರ ಸುಮಾರಿಗೆ ವೈಮ್ಯಾಕ್ಸ್ ಬಂದಿತು, ಕಂಪ್ಯೂಟರಿಗೆ ಸಿಕ್ಕಿಸುವ ಡೇಟಾ ಕಡ್ಡಿಗಳು ಬಂದವು; ಅವು ತಮ್ಮ ಕಾಲ ಮುಗಿಸಿ ಹೋದವು. ಐದನೆಯ ಪೀಳಿಗೆಯ ತರಂಗಸೇವೆ ದೇಶದಲ್ಲಿ ಆರಂಭವಾದದ್ದು 2022ರ ಅಕ್ಟೋಬರಿನಲ್ಲಿ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆ ತಾರಸಿಯ ಮೇಲಿನ ಗ್ರಾಹಕದ ಮೂಲಕ ಮನೆಗೆ ಅಂತರಜಾಲ ಕೊಡುವ ಸೇವೆಯನ್ನು ಎಂಟು ನಗರಗಳಲ್ಲಿ ಆರಂಭಿಸಿದಾಗ, ಬೆಂಗಳೂರು ಅವುಗಳಲ್ಲೊಂದಾಗಿತ್ತು.

ಈ ತರಂಗಗಳ ಗುಣವನ್ನು ಅರಿಯಲು ಬಾನುಲಿಯೇ ಒಳ್ಳೆಯ ಹೋಲಿಕೆ. ಬೆಂಗಳೂರು ಆಕಾಶವಾಣಿಯ ಕೇಳುಗರಿಗೆ 612 ಕಿಲೋಹರ್ಟ್ಸ್ ಎಂಬ ಸಂಖ್ಯೆ ಬಾಯಿಪಾಠ. ಆ ತರಂಗದ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ತರಂಗಕ್ಕೆ ಮನೆ, ಮರ, ದಿಣ್ಣೆಗಳೆಲ್ಲ ಲೆಕ್ಕಕ್ಕಿಲ್ಲ. ಅವುಗಳನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಮನೆಯ ವೈ-ಫೈ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಇಲ್ಲವೆ ಅದರ ಅರ್ಧ. ಐದನೆಯ ಪೀಳಿಗೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ತರಂಗ ಸುಮಾರು ಒಂಬತ್ತು ಸೆಂಟಿಮೀಟರ್. ಅದರಲ್ಲಿಯೇ ಇನ್ನೊಂದು ಬಗೆಯದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಇಂತಹ ಕಿರಿದಾದ ತರಂಗಗಳನ್ನು ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಉತ್ಪಾದಿಸಿ ಅಭ್ಯಸಿಸಿದ್ದರು. ಇವು ಬೆಳಕಿನಂತೆ ನೇರವಾಗಿ ನಡೆಯುವ ಸ್ವಭಾವದವು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಗೋಡೆ, ನೀರಿನ ತೊಟ್ಟಿ, ಮಳೆಯಲ್ಲಿ ನೆನೆದ ಎಲೆಗಳು ಇವನ್ನು ತಡೆಯುತ್ತವೆ, ಇಲ್ಲವೆ ನುಂಗುತ್ತವೆ.

ಹಾಗಾದರೆ ಉದ್ದನೆಯ ತರಂಗವನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿ ಜಾಗವಿಲ್ಲ ಎಂಬುದೇ ಉತ್ತರ. ಮಧ್ಯಮ ತರಂಗದಲ್ಲಿ ಒಂದು ಬಾನುಲಿ ಕೇಂದ್ರಕ್ಕೂ ಮತ್ತೊಂದಕ್ಕೂ ನಡುವೆ ಇರುವ ಅಂತರ 9 ಕಿಲೋಹರ್ಟ್ಸ್ ಮಾತ್ರ. ವೈ-ಫೈಯಲ್ಲಿ ಒಂದು ದಾರಿಯ ಅಗಲವೇ 20,000 ಕಿಲೋಹರ್ಟ್ಸ್. ಒಂದು ಓಣಿ, ಇನ್ನೊಂದು ರಾಜಬೀದಿ. ಓಣಿಯಲ್ಲಿ ಧ್ವನಿ ಹೋಗಬಹುದು, ಚಲನಚಿತ್ರ ಹೋಗಲಾರದು. ವಿಶಾಲವಾದ ಬೀದಿ ಬೇಕೆಂದವರು ಗೋಡೆಯನ್ನು ದಾಟಲಾರದ ಬಂಡಿಯನ್ನು ಒಪ್ಪಿಕೊಳ್ಳಬೇಕು.

ಈ ಶಾಸ್ತ್ರಜ್ಞಾನ ಜಯನಗರದಂತಹ ಬಡಾವಣೆಯಲ್ಲಿ ಬಹಳ ಅಗತ್ಯ. ಕಳೆದ ಮಳೆಗಾಲದಲ್ಲಿ ನಮ್ಮ ತಾರಸಿಗೆ ಗ್ರಾಹಕವನ್ನು ಜೋಡಿಸಲು ಬಂದಿದ್ದ ಯುವಕ, ಮನೆಯ ಮುಂದಿನ ಹೊಂಗೆಯ ಮರವನ್ನು ತೋರಿಸಿ, “ಸಾರ್, ಈ ಕೊಂಬೆ ಕಡಿಸಿಬಿಡಿ, ಸಿಗ್ನಲ್ ಚೆನ್ನಾಗಿ ಬರುತ್ತೆ” ಎಂದ. ನಲವತ್ತು ವರ್ಷ ನೆರಳು ಕೊಟ್ಟ ಕೊಂಬೆ ಅದು. “ಕೊಂಬೆ ಇರಲಪ್ಪ, ನಿನ್ನ ಕಂಬವನ್ನು ಆ ಮೂಲೆಗೆ ಇಟ್ಟು ನೋಡು” ಎಂದೆ. ಹತ್ತು ಅಡಿ ಸರಿಸಿದ್ದೇ ತಡ, ಗೋಪುರ ನೇರ ದೃಷ್ಟಿಗೆ ಸಿಕ್ಕಿತು; ವೇಗ ಎರಡರಷ್ಟಾಯಿತು. ಬೀದಿಯ ಮರದ ಕೊಂಬೆಯನ್ನು ನಮ್ಮಿಷ್ಟಕ್ಕೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ಕಾನೂನು ಹಾಗಿರಲಿ, ಕೊಡಲಿಗೆ ಕೈಹಾಕುವ ಮುನ್ನ ಕಂಬವನ್ನು ಸರಿಸಿ ನೋಡುವುದು ವಿವೇಕ. ಕಂಬವನ್ನು ಅರ್ಧ ಗಂಟೆಯಲ್ಲಿ ಸರಿಸಬಹುದು. ಕೊಂಬೆ ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು.

ತರಂಗದ ಇನ್ನೊಂದು ಗುಣವೆಂದರೆ ಅದು ಎಲ್ಲರ ಸೊತ್ತು. ಒಂದು ಗೋಪುರದ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುತ್ತಾರೆ. ಬ್ಯಾರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರುಗಳಿಂದ ಕೂಡಿದ ಬಿ.ಟಿ.ಎಂ. ಬಡಾವಣೆಯಲ್ಲಿ ಸಂಜೆ ಕೆಲಸದಿಂದ ಹಿಂದಿರುಗಿದ ಸಾವಿರಾರು ತರುಣರು ಏಕಕಾಲಕ್ಕೆ ಚಿತ್ರ ನೋಡತೊಡಗಿದರೆ ವೇಗ ಕುಗ್ಗುವುದು ಸಹಜ. ಕಾವೇರಿ ನೀರು ಬಿಟ್ಟ ಹೊತ್ತಿನಲ್ಲಿ ಬೀದಿಯ ಎಲ್ಲ ನಲ್ಲಿಗಳೂ ತೆರೆದರೆ ಧಾರೆ ಸಣ್ಣದಾಗುವುದಿಲ್ಲವೆ? ಗಾಜಿನ ಎಳೆ ಮನೆಯವರೆಗೆ ಬರುವ ಕಡೆ ಅದೇ ಮೇಲು. ಬಾರದ ಕಡೆ ತರಂಗವೇ ಗತಿ.

ಇನ್ನು ನಾವು ಬಿಟ್ಟುಕೊಟ್ಟದ್ದರ ವಿಚಾರ. ಹಳೆಯ ದೂರವಾಣಿಗೆ ಮನೆಯ ವಿದ್ಯುತ್ತು ಬೇಕಿರಲಿಲ್ಲ. ವಿನಿಮಯ ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟಿನ ವಿದ್ಯುತ್ತು ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನಿನಲ್ಲಿ ಜೀವವಿರುತ್ತಿತ್ತು. ನಡುರಾತ್ರಿ ವೈದ್ಯರನ್ನು ಕರೆಯಬಹುದಾಗಿತ್ತು. ಇಂದು ತಾಮ್ರವನ್ನು ಬಿಟ್ಟ ಮನೆಯಲ್ಲಿ ವಿದ್ಯುತ್ತು ಹೋದೊಡನೆ ರೌಟರ್ ಕಣ್ಣು ಮುಚ್ಚುತ್ತದೆ. ಕೈಫೋನಿದೆಯಲ್ಲ ಎನ್ನಬಹುದು. ಅದರ ಬ್ಯಾಟರಿಗೂ, ಗೋಪುರದ ಬ್ಯಾಟರಿಗೂ ಮಿತಿಯಿದೆ. ಮಕ್ಕಳು ದೂರದೇಶದಲ್ಲಿದ್ದು ವೃದ್ಧ ದಂಪತಿಗಳಿಬ್ಬರೇ ಇರುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಹೇರಳ. ಅವರಿಗೆ ನನ್ನ ವಿಜ್ಞಾಪನೆ ಇಷ್ಟೆ: ರೌಟರಿಗೆಂದೇ ಒಂದು ಚಿಕ್ಕ ಬ್ಯಾಟರಿ ಪೆಟ್ಟಿಗೆಯನ್ನು ಇರಿಸಿಕೊಳ್ಳಿ; ಅದು ಬೇಡುವ ವಿದ್ಯುತ್ತು ಒಂದು ಸಣ್ಣ ದೀಪದಷ್ಟೇ. ಕೈಫೋನನ್ನು ಮಲಗುವ ಮುನ್ನ ತುಂಬಿಸಿಡಿ. ಹತ್ತಿರದವರ ನಾಲ್ಕು ಸಂಖ್ಯೆಗಳನ್ನು ದಪ್ಪಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ.

ತಂತಿ ಮನೆಯ ಗೋಡೆಯೊಳಗೆ ಕೊನೆಗೊಳ್ಳುತ್ತಿತ್ತು. ತರಂಗ ಕಾಂಪೌಂಡನ್ನು ದಾಟಿ ಬೀದಿಗೂ ಹೋಗುತ್ತದೆ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮುಂಚೆ ಕಳುಹಿಸಿದ್ದ ಇ-ಪತ್ರವು ನವಿ ಮುಂಬಯಿಯ ಒಂದು ಮನೆಯ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಗುಪ್ತಪದ ಎಂಬುದು ತರಂಗದ ಬೀಗ. ಮನೆಯ ಹೆಸರನ್ನೋ ದೂರವಾಣಿಯ ಸಂಖ್ಯೆಯನ್ನೋ ಗುಪ್ತಪದವಾಗಿ ಇಡುವುದು, ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಬೀಗ ಹಾಕುವುದು ಜಿಪುಣತನವಲ್ಲ. ಯಾರಿಗೆ ತೆರೆಯಬೇಕೆಂಬುದನ್ನು ನಾವೇ ನಿರ್ಧರಿಸುವುದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಅಂತರಜಾಲಕ್ಕೆ ಬಂದಾಗ, ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗಳು ನಮ್ಮ ಮೆಟ್ಟಿಲಿನ ಮೇಲೆ ಕುಳಿತು ಪಾಠ ಕೇಳುತ್ತಿದ್ದಳು. ಅವಳ ಮನೆಯಲ್ಲಿದ್ದುದು ಒಂದೇ ಫೋನು, ಓದುವ ಮಕ್ಕಳು ಮೂವರು. ಗುಪ್ತಪದವನ್ನು ಅವಳ ಪುಸ್ತಕದಲ್ಲಿ ಬರೆದುಕೊಟ್ಟೆವು. ಇಷ್ಟೊಂದು ತರಂಗಗಳು ತೇಲಾಡುವ ನಗರದಲ್ಲಿ, ಒಂದು ಬೀದಿಯಾಚೆಯ ಮಗುವಿಗೆ ಒಂದು ಪಾಠ ತಲುಪುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ತರಂಗಕ್ಕೆ ಗೋಡೆ, ಮರಗಳಷ್ಟೇ ಅಡ್ಡಿಯಲ್ಲ, ಬಡತನವೂ ಅಡ್ಡಿ. ಮೊದಲಿನವುಗಳಿಗೆ ಇಂಜಿನಿಯರರು ಉಪಾಯ ಕಂಡುಕೊಳ್ಳುತ್ತಾರೆ. ಕೊನೆಯದಕ್ಕೆ ಉಪಾಯ ಹುಡುಕಬೇಕಾದವರು ನಾವು, ನೆರೆಹೊರೆಯವರು.